ಅಪ್ಪನ ಟ್ರಂಪೆಟ್ಟಿಗೆ ರಬ್ಬರ್ ರಿಂಗು

ಕಾಪುವಿನ ನಮ್ಮ ಮನೆಗೆ ಬಾಗಿಲು ಇದ್ದದ್ದು ಮುಂದೊಂದು, ಹಿಂದೊಂದು. ಒಳಗೆ ಬಾಗಿಲುಗಳೇ ಇರಲಿಲ್ಲ. ಚಾವಡಿಗೂ ಅಡುಗೆಮನೆಗೂ ನಡುವೆ ಅಮ್ಮನ ಹಳೆಯ ಸೀರೆಯ ಪರದೆ. ಅಡುಗೆಮನೆಗೂ ಅಜ್ಜಿಯ ಕೋಣೆಗೂ ನಡುವೆ ಅದೂ ಇಲ್ಲ. ಅಪ್ಪನ ತಮ್ಮ, ಇನ್ನೂ ಮದುವೆಯಾಗದ ನನ್ನ ಚಿಕ್ಕಪ್ಪ ವಸಂತ, ಚಾವಡಿಯ ಬೆಂಚಿನ ಮೇಲೆ ಮಲಗುತ್ತಿದ್ದ. ನಾನು, ಶಾಲೆಗೆ ಹೋಗುವ ಹುಡುಗಿ, ಅಜ್ಜಿಯ ಚಾಪೆಯಲ್ಲಿ. ಯಾರು ಎಲ್ಲಿ ನಿಂತು ಏನು ಹೇಳಿದರೂ ಮನೆಯವರೆಲ್ಲರ ಕಿವಿಗೆ ಬೀಳುತ್ತಿತ್ತು. ಕಡಲು ಹತ್ತಿರವಾದ್ದರಿಂದ ಗಾಳಿಯಲ್ಲೇ ಉಪ್ಪು. ಕಿಟಕಿಯ ಸರಳುಗಳಿಗೆ ತುಕ್ಕು, ಉಜ್ಜದೆ ಬಿಟ್ಟ ಹಿತ್ತಾಳೆಯ ಚೆಂಬಿಗೆ ಹಸಿರು. ಹಾಗಾಗಿ ಅಪ್ಪನ ಟ್ರಂಪೆಟ್ಟಿಗೆ ಮನೆಯೊಳಗೆ ಸಿಕ್ಕಿದ್ದು ಒಲೆಯ ಬಿಸಿ ತಾಗುವ ಒಣ ಜಾಗ, ಅಡುಗೆಮನೆಯಲ್ಲಿ ಅಕ್ಕಿಯ ಡಬ್ಬದ ಮೇಲಿನ ಮೊಳೆ. ದಿಂಬಿನ ಕವರಿನೊಳಗೆ ಅದು ಅಲ್ಲಿ ತೂಗುತ್ತಿತ್ತು. ಮುಸ್ಸಂಜೆ ದೀಪ ಹಚ್ಚಿ ಕೈಮುಗಿದು ಏಳುವಾಗ ಅಜ್ಜಿಯ ಕಣ್ಣು ಬೀಳುತ್ತಿದ್ದದ್ದೇ ಅದರ ಮೇಲೆ.

"ಬಾಯಲ್ಲಿಟ್ಟು ಊದುವ ಎಂಜಲಿನ ಸಾಮಾನು. ಅದಕ್ಕೆ ಅಕ್ಕಿಯ ಮೇಲೆಯೇ ಜಾಗ ಬೇಕಾ ಸಂಜೀವ?"

ಅಪ್ಪ ಹಿಂದಿನ ಜಗಲಿಯಲ್ಲಿ ಕಾಲು ಚಾಚಿ ಕೂತಿರುತ್ತಿದ್ದ. ಉತ್ತರ ಕೊಡುತ್ತಿರಲಿಲ್ಲ. ಅಜ್ಜಿ ಇನ್ನೊಮ್ಮೆ ಹೇಳಿ, ಮತ್ತೂ ಉತ್ತರ ಬಾರದಿದ್ದಾಗ, ದುಡಿಯುವ ಗಂಡಸಿಗೆ ಎಷ್ಟು ಕೊಬ್ಬು ನೋಡು ಎಂದು ನನ್ನ ಹತ್ತಿರ ಹೇಳುತ್ತಿದ್ದಳು.

ಅಪ್ಪ ದುಡಿಯುತ್ತಿದ್ದದ್ದು ಮಲ್ಪೆಯ ಒಂದು ಐಸ್ ಪ್ಲಾಂಟಿನಲ್ಲಿ, ಕಂಪ್ರೆಸರ್ ಕೋಣೆಯಲ್ಲಿ. ಒಮ್ಮೆ ಊಟ ಕೊಡಲು ಅಮ್ಮನೊಂದಿಗೆ ಅಲ್ಲಿಗೆ ಹೋಗಿದ್ದೆ. ಯಂತ್ರಗಳ ಸದ್ದಿಗೆ ನೆಲ ಅದುರುತ್ತಿತ್ತು. ಅಲ್ಲಿಯವರು ಬಾಯಿಯಲ್ಲಿ ಮಾತಾಡದೆ ಕೈಸನ್ನೆಯಲ್ಲೇ ಎಲ್ಲ ಮುಗಿಸುತ್ತಿದ್ದರು. ಸಂಜೆ ಬಸ್ಸಿಳಿದು ಬರುವಾಗ ಅಪ್ಪನ ಖಾಕಿ ಅಂಗಿಗೆ ಅಮೋನಿಯದ ವಾಸನೆ, ಕೈಯಲ್ಲಿ ಐಸಿನ ಚೂರಿನೊಂದಿಗೆ ಕಟ್ಟಿದ ಬಂಗುಡೆ ಮೀನು. ಅವನ ಮಾತು ಯಾವಾಗಲೂ ದೊಡ್ಡದು, ಈ ದಡದಿಂದ ಆ ದಡದವರನ್ನು ಕರೆದ ಹಾಗೆ. ಅಮ್ಮ ಗಂಡನ ಹೆಸರು ಹೇಳುವವಳಲ್ಲ. ಅವಳು ಕರೆಯುತ್ತಿದ್ದದ್ದು "ಕೇಳಿತಾ?" ಎಂದು. ಪರದೆಯ ಹಿಂದಿನಿಂದ ಮೊದಲು ಮೆಲ್ಲಗೆ ಒಂದು "ಕೇಳಿತಾ", ಆಮೇಲೆ ಗಟ್ಟಿಯಾಗಿ ಒಂದು, ಆಮೇಲೆ ಸೌಟು ಹಿಡಿದುಕೊಂಡೇ ಹೊರಗೆ ಬರುತ್ತಿದ್ದಳು.

"ಗಂಜಿ ತಣಿಯಿತು. ಎಷ್ಟು ಸಲ ಕರೆಯುವುದು? ನಾನೇನು ಗೋಡೆಗೆ ಹೇಳುವುದಾ?"

"ಬರ್ತೇನೆ ಅಂತ ಹೇಳಿದೆನಲ್ಲ."

"ಯಾವಾಗ ಹೇಳಿದ್ದು ನೀವು? ಯಾರಿಗೆ ಹೇಳಿದ್ದು?"

ಹೀಗೆ ಶುರುವಾದದ್ದು ಬಟ್ಟಲು ತೊಳೆಯುವವರೆಗೂ ಮುಗಿಯುತ್ತಿರಲಿಲ್ಲ. ಉಪ್ಪಿನಕಾಯಿ ಬೇಕಾ ಎಂದು ಕೇಳಿದರೆ ಅಪ್ಪ ನಾಳೆ ಬಸ್ಸಿಲ್ಲ ಎನ್ನುತ್ತಿದ್ದ. ನಾವು ನಗುತ್ತಿದ್ದೆವು, ಅವನೂ ನಗುತ್ತಿದ್ದ. ಅಮ್ಮ ಮಾತ್ರ ನಗುತ್ತಿರಲಿಲ್ಲ. ತನ್ನ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ ಎಂದು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಪಕ್ಕದ ಮನೆಯ ಹುಡುಗಿ ನನ್ನ ತರಗತಿಯವಳೇ. ಮರುದಿನ ಶಾಲೆಗೆ ಹೋಗುವ ದಾರಿಯಲ್ಲಿ ಅವಳು, "ನಿನ್ನೆ ನಿಮ್ಮಲ್ಲಿ ಎಂತ ಗಲಾಟೆ?" ಎಂದು ಕೇಳಿದರೆ ನನಗೆ ನೆಲ ಬಿರಿದು ಒಳಗೆ ಹೋಗೋಣ ಎನಿಸುತ್ತಿತ್ತು. ನಮ್ಮ ಮನೆಯ ಮಾತು ತುಳು. ಬರೆಯುವಾಗ ಎಲ್ಲ ಕನ್ನಡವಾಗುತ್ತದೆ, ಜಗಳಕ್ಕೂ ಸ್ವಲ್ಪ ಮರ್ಯಾದೆ ಬಂದ ಹಾಗೆ ಕಾಣುತ್ತದೆ. ನಿಜವಾಗಿ ಅಷ್ಟು ಮರ್ಯಾದೆ ಅದರಲ್ಲಿ ಇರಲಿಲ್ಲ.

ರಜೆಯ ದಿನಗಳಲ್ಲಿ ಅಪ್ಪ, ಚಿಕ್ಕಪ್ಪ ಇಬ್ಬರೂ ಲಾರೆನ್ಸ್ ಮಾಸ್ಟ್ರ ಬ್ಯಾಂಡ್ ಸೆಟ್ಟಿಗೆ ಹೋಗುತ್ತಿದ್ದರು. ಮದುವೆಯ ದಿಬ್ಬಣ, ಕ್ರೈಸ್ತರ ಇಗರ್ಜಿಯ ಮೆರವಣಿಗೆ, ಶಾಲೆಯ ವಾರ್ಷಿಕೋತ್ಸವ, ಶವಯಾತ್ರೆ, ಎಲ್ಲಿ ಕರೆದರೂ ಹೋಗುವ ಬ್ಯಾಂಡು ಅದು. ಅಪ್ಪ ಮೊದಲನೆಯ ಟ್ರಂಪೆಟ್, ಚಿಕ್ಕಪ್ಪ ಎರಡನೆಯದು. ಚಿಕ್ಕಪ್ಪನಿಗೆ ಊದಲು ಕಲಿಸಿದವನೂ ಅಪ್ಪನೇ. ಬೇರೆಯವರ ವಾದ್ಯಗಳೆಲ್ಲ ತಗ್ಗು ಬಿದ್ದು ಬೆಸುಗೆ ಹಾಕಿದವು. ಅಪ್ಪನದು ಮಾತ್ರ ಮಾಸ್ಟ್ರ ಭಾವ ಕುವೈತಿನಿಂದ ತಂದದ್ದು. ಅದರಲ್ಲಿ ಒಂದು ಬಾಗಿದ ಕೊಳವೆ, ಎರಡು ಕಾಲಿನದು, ಹೊರಗೆ ಒಳಗೆ ಜಾರುತ್ತಿತ್ತು. ಅದಕ್ಕೆ ಸ್ಲೈಡ್ ಎನ್ನುತ್ತಿದ್ದರು. ಕೆಲವು ಕೆಳಗಿನ ಸ್ವರ ಊದುವಾಗ ಬೆರಳಿನಿಂದ ಅದನ್ನು ಸ್ವಲ್ಪ ಮುಂದೆ ತಳ್ಳಬೇಕು, ಮತ್ತೆ ಹಿಂದಕ್ಕೆ ಎಳೆದುಕೊಳ್ಳಬೇಕು. ಹಾಗೆ ಎಳೆದುಕೊಂಡಾಗ ಹಿತ್ತಾಳೆಗೆ ಹಿತ್ತಾಳೆ ಬಡಿಯದ ಹಾಗೆ ಎರಡು ಕಾಲಿಗೂ ಒಂದೊಂದು ತೆಳುವಾದ ರಬ್ಬರ್ ರಿಂಗ್ ಇತ್ತು. ಕುವೈತಿನಿಂದ ಬಂದ ರಿಂಗುಗಳು ವರ್ಷಗಳ ಮೇಲೆ ಒಣಗಿ, ಬಿರಿದು, ಒಂದು ದಿನ ಎಲ್ಲೋ ಉದುರಿ ಹೋದವು. ಆಮೇಲೆ ಪ್ರತಿ ಸಲವೂ ಟಕ್.

ಹಿಂದಿನ ಜಗಲಿಯಲ್ಲಿ ಅಭ್ಯಾಸಕ್ಕೆ ಕೂತಾಗ ಈ ಟಕ್ ನಮಗೆಲ್ಲ ಕೇಳುತ್ತಿತ್ತು. ಅಪ್ಪನೇ ಏನಾದರೂ ಮಾಡುತ್ತಾನೆ ಎಂದುಕೊಂಡು ಯಾರೂ ಹೇಳಲಿಲ್ಲ. ಅಷ್ಟರಲ್ಲಿ ನಮ್ಮ ಶಾಲೆಯ ನಿವೃತ್ತ ಟೀಚರೊಬ್ಬರು ತೀರಿಕೊಂಡರು. ಇಗರ್ಜಿಯಿಂದ ಸಮಾಧಿಯವರೆಗಿನ ದಾರಿಯಲ್ಲಿ ನಮ್ಮನ್ನು ಸಮವಸ್ತ್ರದಲ್ಲಿ ಎರಡು ಸಾಲಾಗಿ ನಿಲ್ಲಿಸಿದ್ದರು. ಬ್ಯಾಂಡು ನಿಧಾನದ ಒಂದು ರಾಗ ನುಡಿಸುತ್ತ ಬಂತು. ಶವವನ್ನು ಗುಂಡಿಗೆ ಇಳಿಸುವ ಹೊತ್ತಿಗೆ ಉಳಿದ ವಾದ್ಯಗಳೆಲ್ಲ ನಿಂತು ಅಪ್ಪನ ಟ್ರಂಪೆಟ್ ಒಂದೇ ನುಡಿಯಬೇಕು. ಅದು ಇಳಿದಿಳಿದು ಹೋಗುವ ರಾಗ. ಇಳಿದಾಗಲೆಲ್ಲ ಸ್ಲೈಡು ಹೋಗಿ ಬರಬೇಕು. ಅಪ್ಪ ಕಣ್ಣು ಮುಚ್ಚಿ ಎಷ್ಟು ಚೆಂದ ಊದಿದ ಎಂದರೆ ಮುದುಕಿಯೊಬ್ಬಳು ಜೋರಾಗಿ ಅಳತೊಡಗಿದಳು. ಆದರೆ ಪ್ರತಿ ಸಾಲಿನ ಕೊನೆಗೆ ಟಕ್. ಆ ನಿಶ್ಶಬ್ದದಲ್ಲಿ ಬಚ್ಚಲಿನಲ್ಲಿ ಚೆಂಬು ಬಿದ್ದ ಹಾಗೆ ಕೇಳುತ್ತಿತ್ತು. ನನ್ನ ಹಿಂದೆ ನಿಂತ ಹುಡುಗಿಯರು ಮೊದಲು ಒಬ್ಬರನ್ನೊಬ್ಬರು ತಿವಿದರು, ಆಮೇಲೆ ಟಕ್ ಬರುವ ಮೊದಲೇ ಕಾದು ನಿಂತು, ಬಂದ ಕೂಡಲೇ ಮೂಗಿನಲ್ಲಿ ನಕ್ಕರು. ನನ್ನ ಕಿವಿ ಕೆಂಡವಾಗಿತ್ತು. ಅಳುವುದಕ್ಕೆ ಬಂದವರ ನಡುವೆ ನನ್ನ ಅಪ್ಪ ನಗೆಯ ವಸ್ತುವಾಗಿದ್ದಾನೆ, ಅವನಿಗೆ ಅದರ ಪರಿವೆಯೇ ಇಲ್ಲ.

ಮನೆಗೆ ಬಂದ ಅಣ್ಣ ತಮ್ಮ ಇಬ್ಬರೂ ಅಂಗಳದಲ್ಲೇ ಶುರುಮಾಡಿದರು.

"ಅಣ್ಣಾ, ಆ ಸ್ಲೈಡ್ ಸರಿ ಮಾಡು ಮಾರಾಯ. ಟಕ್ ಟಕ್ ಅಂತದೆ. ಇವತ್ತು ನನಗೆ ತಲೆ ಎತ್ತಲಿಕ್ಕೆ ಆಗಲಿಲ್ಲ," ಎಂದ ಚಿಕ್ಕಪ್ಪ.

"ಯಾವ ಟಕ್?"

"ಸ್ಲೈಡಿನದು. ಊರಿಗೆಲ್ಲ ಕೇಳಿದೆ."

"ಎಂತ ಸದ್ದೂ ಇಲ್ಲ. ಸುಮ್ಮನೆ ಹೇಳ್ಬೇಡ."

"ನಾನು ಸುಳ್ಳು ಹೇಳುವುದಾ?"

"ನಿನಗೆ ಮೊದಲನೆಯ ಟ್ರಂಪೆಟ್ ಬೇಕು, ಅಷ್ಟೇ ಅಲ್ವಾ? ಬೇಕಾದರೆ ಬಾಯಿಬಿಟ್ಟು ಕೇಳು. ನನ್ನ ವಾದ್ಯಕ್ಕೆ ಹೆಸರಿಡಬೇಡ."

ಚಿಕ್ಕಪ್ಪನ ಮುಖ ಬಿಳಿಚಿತು. ಅವನು ಒಳಗೆ ಹೋದವನು ಆ ದಿನ ಊಟಕ್ಕೆ ಬರಲಿಲ್ಲ. ಮರುದಿನದಿಂದ ಅಪ್ಪನ ಊಟ ಮುಗಿದ ಮೇಲೆಯೇ ಅವನು ಬಟ್ಟಲ ಮುಂದೆ ಕೂರತೊಡಗಿದ. ಒಂದೇ ಒಲೆ, ಎರಡು ಪಂಕ್ತಿ. ಅಜ್ಜಿ ಇಬ್ಬರಿಗೂ ಬೈದಳು, ಹೆಚ್ಚು ಬೈದದ್ದು ಅಪ್ಪನಿಗೆ.

ಲಾರೆನ್ಸ್ ಮಾಸ್ಟ್ರು ಒಂದು ಬೆಳಿಗ್ಗೆ ಸ್ಕೂಟರಿನಲ್ಲಿ ಬಂದರು. ಚಹಾ ಕುಡಿದು, ಅಪ್ಪನ ಎದುರಿಗೇ ಕೂತು ಮೆಲ್ಲಗೆ ಹೇಳಿದರು.

"ಸಂಜೀವ, ಬಜಗೋಳಿಯಲ್ಲಿ ದೊಡ್ಡ ಮದುವೆ ಉಂಟು. ಅದರ ಮೊದಲು ಸ್ಲೈಡಿಗೆ ರಬ್ಬರ್ ಹಾಕು. ಇಲ್ಲದಿದ್ದರೆ ವಸಂತ ಮುಂದೆ ನಿಲ್ಲಲಿ, ನೀನು ಹಿಂದೆ."

ಅಪ್ಪ ತಲೆಯಾಡಿಸಿದ. ಮಾಸ್ಟ್ರ ಮಾತನ್ನು ಸುಳ್ಳು ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಸ್ಕೂಟರು ಹೋದ ಮೇಲೆ ತುಂಬ ಹೊತ್ತು ಟ್ರಂಪೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಸ್ಲೈಡನ್ನು ತಳ್ಳುತ್ತ ಎಳೆಯುತ್ತ ಕೂತಿದ್ದ. ಅದು ಟಕ್ ಎನ್ನುತ್ತಲೇ ಇತ್ತು.

ಹೀಗೆ ನಮ್ಮ ಮನೆಯಲ್ಲಿ ರಿಂಗಿನ ಪ್ರಯೋಗಗಳು ಶುರುವಾದವು. ಚಿಕ್ಕಪ್ಪ ಕಾಪು ಪೇಟೆಯ ಸೈಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮಾತು ಬಿಟ್ಟಿದ್ದರೂ ಹಳೆಯ ಟ್ಯೂಬಿನ ಒಂದು ತುಂಡನ್ನು ಮೆಟ್ಟಿಲ ಮೇಲೆ ಬಿಟ್ಟುಹೋದ. ಅಮ್ಮ ಅದನ್ನು ಕತ್ತರಿಯಿಂದ ಬಳೆಯ ಹಾಗೆ ಸಣ್ಣಗೆ ಕತ್ತರಿಸಿ, ಮಡಚಿ, ಹೊಲಿದು ಕೊಟ್ಟಳು. ಎರಡು ದಿನ ಚೆನ್ನಾಗಿತ್ತು. ಆದರೆ ಸ್ಲೈಡು ಜಾರಲೆಂದು ಅಪ್ಪ ಹಾಕುವ ಎಣ್ಣೆಗೆ ಅದು ಉಬ್ಬಿ, ಅಂಟಂಟಾಗಿ, ಸ್ಲೈಡನ್ನೇ ಹಿಡಿದುಕೊಂಡುಬಿಟ್ಟಿತು. ಬಿಡಿಸಲು ಬಿಸಿನೀರು ಸುರಿಯಬೇಕಾಯಿತು. ಅಮ್ಮನ ಬಿಳಿಯ ಒರೆಸುಬಟ್ಟೆಗೆ ಹತ್ತಿದ ಕರಿ ಕೊನೆಗೂ ಹೋಗಲಿಲ್ಲ. ಆಮೇಲೆ ನಲ್ಲಿಯ ವಾಷರ್ ಹಾಕಿ ನೋಡಿದ. ಅದು ಗಟ್ಟಿ, ಚಪ್ಪಟೆ. ಟಕ್ ಹೋಗಿ ಟೊಕ್ ಬಂತು. ಒಂದು ಕಾಲಿಗೆ ಸಿಕ್ಕಿದ ದಪ್ಪದ ವಾಷರ್ ಇನ್ನೊಂದು ಕಾಲಿಗೆ ಸಿಗದೆ ಸ್ಲೈಡು ಸೊಟ್ಟಗೆ ಕೂತು ಸಿಕ್ಕಿಹಾಕಿಕೊಳ್ಳುತ್ತಿತ್ತು. ಗ್ಯಾಸ್ ಸಿಲಿಂಡರಿನ ಬಾಯಿಯ ಒಳಗೊಂದು ಕಪ್ಪು ರಿಂಗ್ ಇರುತ್ತದಲ್ಲ, ಒಂದು ಸಂಜೆ ಅದರ ಮೇಲೂ ಅಪ್ಪನ ಕಣ್ಣು ಬಿತ್ತು. ಅಜ್ಜಿ ಸಿಲಿಂಡರಿಗೆ ಅಡ್ಡ ನಿಂತಳು.

"ಮನೆ ಸುಡುವ ಯೋಚನೆ ಉಂಟಾ ನಿನಗೆ? ಮೊದಲು ನನ್ನನ್ನು ಸುಡು!"

ಪ್ರತಿಯೊಂದು ರಿಂಗ್ ಹಾಕಿದ ಮೇಲೂ ಅಪ್ಪ ಸ್ಲೈಡನ್ನು ತಳ್ಳಿ ಎಳೆದು ನೋಡುತ್ತಿದ್ದ. ನಾನು ಬಾಗಿಲ ಪಕ್ಕದಲ್ಲಿ ಹೋಂವರ್ಕ್ ಬರೆಯುತ್ತ ಕೂತಿರುತ್ತಿದ್ದೆ. ಅವನು ಎಳೆಯುವಾಗ ಟ್ರಂಪೆಟ್ಟನ್ನು ನೋಡುತ್ತಿರಲಿಲ್ಲ. ಅದನ್ನು ಕಿವಿಯ ಹತ್ತಿರ ತರುತ್ತಲೂ ಇರಲಿಲ್ಲ. ಅಮ್ಮನ ಮುಖ ನೋಡುತ್ತಿದ್ದ, ಆಮೇಲೆ ಅಜ್ಜಿಯದು, ಆಮೇಲೆ ನನ್ನದು. ನಮ್ಮ ಮುಖದಲ್ಲಿ ಏನೋ ಸರಿಯಿಲ್ಲ ಎಂದು ಕಂಡರೆ ರಿಂಗನ್ನು ಕಿತ್ತೆಸೆಯುತ್ತಿದ್ದ. ಇದು ನನಗೆ ಕಂಡದ್ದು ಆ ಸಂಜೆಗಳಲ್ಲೇ, ಆದರೆ ಅರ್ಥವಾಗಲಿಲ್ಲ.

ಒಂದು ಭಾನುವಾರ ಅಪ್ಪ ನನ್ನನ್ನು ಉಡುಪಿಗೆ ಕರೆದುಕೊಂಡು ಹೋದ. ಮಗಳಿಗೆ ಚಪ್ಪಲಿ ಬೇಕು ಎಂದು ಅಮ್ಮನಿಗೆ ಹೇಳಿದ್ದ. ಬಸ್ಸಿನಲ್ಲಿ ದಿಂಬಿನ ಕವರು ಅವನ ತೊಡೆಯ ಮೇಲಿತ್ತು. ಬಸ್ಸಿಳಿದು ಓಣಿಯೊಂದರ ಬಾಯಿಗೆ ಬಂದಾಗ ಅವನು ನಿಂತ.

"ಮಗಾ, ಅಂಗಡಿಯಲ್ಲಿ ನಾನು ಸ್ಲೈಡ್ ಎಳೆದು ನೋಡ್ತೇನೆ. ನೀನು ನನ್ನ ಬೆರಳು ಹಿಡಿದುಕೋ. ಟಕ್ ಅಂತ ಸದ್ದು ಬಂದರೆ ಒಮ್ಮೆ ಒತ್ತು. ಬಾರದಿದ್ದರೆ ಒತ್ತಬೇಡ. ಬಾಯಿಬಿಟ್ಟು ಎಂತದೂ ಹೇಳ್ಬೇಡ. ಆಯ್ತಾ?"

ನಾನು ಹೂಂ ಎಂದೆ. ಅವನು ನನ್ನ ಬಾಯಿಯನ್ನೇ ನೋಡುತ್ತಿದ್ದ. ಆಗ ನನಗೆ ಗೊತ್ತಾಯಿತು. ಯಾರೂ ಹೇಳಿಕೊಡದೆ, ಆ ಓಣಿಯ ಬಾಯಿಯಲ್ಲಿ, ಎಳನೀರಿನ ಗಾಡಿಯ ಪಕ್ಕದಲ್ಲಿ ನಿಂತು, ಅಪ್ಪನಿಗೆ ಅದು ಕೇಳುವುದಿಲ್ಲ ಎಂದು ಗೊತ್ತಾಯಿತು. ನನ್ನ ಕಾಲು ಮುಂದಕ್ಕೆ ಬರಲಿಲ್ಲ. ಅಪ್ಪ ಕೈ ಹಿಡಿದು ಎಳೆದುಕೊಂಡು ಹೋದ.

ಅದು ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ. ಎಣ್ಣೆಗೆ ಕರಗದ ಕಪ್ಪು ರಿಂಗ್ ಅಲ್ಲಿ ಸಿಗುತ್ತದೆ ಎಂದು ಮಾಸ್ಟ್ರು ಹೇಳಿದ್ದರಂತೆ. ಅಂಗಡಿಯವರು ಸ್ಲೈಡಿನ ಕಾಲಿನ ಅಳತೆ ನೋಡಿ ಸಣ್ಣ ಸಣ್ಣ ಪೊಟ್ಟಣಗಳನ್ನು ಮೇಜಿನ ಮೇಲೆ ಸುರಿದರು. ಮೊದಲು ತೆಳುವಾದ ಒಂದು ಜೋಡಿ. ಅಪ್ಪ ಎಡಗೈಯಲ್ಲಿ ಟ್ರಂಪೆಟ್ ಹಿಡಿದು, ಬಲಗೈಯ ಕಿರುಬೆರಳನ್ನು ನನಗೆ ಕೊಟ್ಟು, ಉಳಿದ ಬೆರಳುಗಳಿಂದ ಸ್ಲೈಡ್ ಎಳೆದ. ಸಣ್ಣಗೆ ಟಕ್ ಎಂದಿತು. ನಾನು ಒತ್ತಿದೆ. ಅವನು ರಿಂಗ್ ತೆಗೆದು ದಪ್ಪದ್ದು ಹಾಕಿದ. ಸದ್ದು ಇಲ್ಲ, ನಾನು ಸುಮ್ಮನಿದ್ದೆ. ಅಪ್ಪನ ಮುಖ ಅರಳಿತು. ಅಂಗಡಿಯಲ್ಲೇ ಟ್ರಂಪೆಟ್ಟನ್ನು ಬಾಯಿಗಿಟ್ಟು ಒಂದು ಸ್ವರ ಊದಿದ. ಓಣಿಯವರೆಲ್ಲ ತಿರುಗಿ ನೋಡಿದರು. ಆದರೆ ಅವನು ಹುಬ್ಬು ಗಂಟಿಕ್ಕಿದ. "ಸ್ಲೈಡ್ ಪೂರ್ತಿ ಒಳಗೆ ಹೋಗುವುದಿಲ್ಲ. ಸ್ವರ ಒಂದು ಕೂದಲೆಳೆ ಕೆಳಗೆ ಉಂಟು," ಎಂದು ಅದನ್ನೂ ತೆಗೆದ. ನನಗೆ ದಿಕ್ಕು ತಪ್ಪಿತು. ಕೂದಲೆಳೆಯಷ್ಟು ಸ್ವರ ಇಳಿದದ್ದು ಕೇಳುವ ಕಿವಿಗೆ, ಊರಿಗೆಲ್ಲ ಕೇಳುವ ಟಕ್ ಕೇಳುವುದಿಲ್ಲವೆಂದರೆ ಹೇಗೆ?

ಮೂರನೆಯದು ನಡುವಿನ ದಪ್ಪದ್ದು. ಅಷ್ಟರಲ್ಲಿ ಮೇಜಿನ ಸುತ್ತ ಜನ ಸೇರಿದ್ದರು. ಅದರಲ್ಲಿ ಅಲೆವೂರಿನವರೊಬ್ಬರು, ಪಂಪಿನ ಕೆಲಸಕ್ಕೆ ಐಸ್ ಪ್ಲಾಂಟಿಗೆ ಬರುತ್ತಿದ್ದವರು, ನಮ್ಮ ಕೈಗಳನ್ನೇ ನೋಡುತ್ತಿದ್ದರು.

"ಎಂತ ಸಂಜೀವಣ್ಣ, ಮಗಳ ಕೈಯಲ್ಲಿ ಕಿವಿ ಇಟ್ಟಿದ್ದೀರಾ?"

ಎಲ್ಲರೂ ನಕ್ಕರು. ಅಪ್ಪನಿಗೆ ಮಾತು ಕೇಳಿತೋ, ಬರಿಯ ನಗು ಕಂಡಿತೋ ನನಗೆ ತಿಳಿಯದು. ಅವನು ಎಲ್ಲರಿಗಿಂತ ಜೋರಾಗಿ ನಕ್ಕ.

"ಇಲ್ಲ ಮಾರಾಯ್ರೆ, ಹುಡುಗಿಗೆ ಕಲಿಸ್ತಾ ಇದ್ದೇನೆ. ಮುಂದೆ ಇವಳೇ ಊದಬೇಕಲ್ಲ!"

ನಗುತ್ತಿದ್ದ ಅವನ ಕಿರುಬೆರಳು ನನ್ನ ಮುಷ್ಟಿಯೊಳಗೆ ಬೆವತಿತ್ತು. ನಾನು ತಲೆ ತಗ್ಗಿಸಿ ಮೇಜಿನ ಮೇಲೆ ಉರುಳಿದ್ದ ರಿಂಗುಗಳನ್ನು ನೋಡುತ್ತ ನಿಂತೆ. ಅವನು ಸ್ಲೈಡ್ ಎಳೆದ. ಸದ್ದು ಬರಲಿಲ್ಲ. ಇನ್ನೊಮ್ಮೆ ಎಳೆದ, ಬರಲಿಲ್ಲ. ಆ ಜೋಡಿಯನ್ನೇ ತೆಗೆದುಕೊಂಡೆವು. ಚಪ್ಪಲಿಯ ಅಂಗಡಿಗೆ ಹೋಗುವುದು ಇಬ್ಬರಿಗೂ ಮರೆತುಹೋಯಿತು. ಬಸ್ಸಿನಲ್ಲಿ ಅಪ್ಪ ಕಿಟಕಿಯಾಚೆ ನೋಡುತ್ತ ಕೂತಿದ್ದ. ಇಳಿಯುವಾಗ ಮಾತ್ರ, ನನ್ನ ಕಡೆ ನೋಡದೆ, "ಮನೆಯಲ್ಲಿ ಹೇಳ್ಬೇಡ ಮಗಾ. ಕೆಪ್ಪ ಅಂತ ಕರೀತಾರೆ," ಎಂದ.

ಬಜಗೋಳಿಯ ಮದುವೆಗೂ ನಾನು ಹೋದೆ. ಸಿಹಿ ಊಟಕ್ಕೆ ಹಟ ಮಾಡುತ್ತಿದ್ದಾಳೆ ಎಂದು ಅಪ್ಪ ನನ್ನ ಹೆಸರಿನಲ್ಲಿ ಸುಳ್ಳು ಹೇಳಿ ವ್ಯಾನಿಗೆ ಹತ್ತಿಸಿದ್ದ. ಬಜಗೋಳಿ ಮುಟ್ಟುವವರೆಗೂ ಅಣ್ಣ ಮುಂದಿನ ಸೀಟಿನಲ್ಲಿ, ತಮ್ಮ ಹಿಂದಿನದರಲ್ಲಿ, ಮಾತಿಲ್ಲ. ದಿಬ್ಬಣ ಮದುವೆ ಹಾಲ್‌ನ ಬಾಗಿಲಿಗೆ ಬರುವಾಗ ನಾನು ನೀರಿನ ಬಾಟಲಿ ಹಿಡಿದು ಅಪ್ಪನ ಮೊಣಕೈಯ ಪಕ್ಕದಲ್ಲೇ ನಡೆದೆ. ಸ್ಲೈಡು ಹೋಗಿ ಬಂತು, ಹೋಗಿ ಬಂತು. ಬೆಕ್ಕಿನ ಹೆಜ್ಜೆಯಷ್ಟೂ ಸದ್ದಿಲ್ಲ. ಮಾಸ್ಟ್ರು ದೂರದಿಂದಲೇ ತಲೆಯಾಡಿಸಿದರು. ಚಿಕ್ಕಪ್ಪ ಎರಡನೆಯ ಟ್ರಂಪೆಟ್ಟಿನಲ್ಲಿ ಅಣ್ಣನನ್ನು ಹಿಂಬಾಲಿಸುತ್ತ ಒಂದು ಕಡೆ ನಕ್ಕೇಬಿಟ್ಟ. ಇವತ್ತು ಇಬ್ಬರೂ ಒಟ್ಟಿಗೆ ಊಟಕ್ಕೆ ಕೂರುತ್ತಾರೆ ಎಂದು ನಾನು ಅಂದುಕೊಂಡೆ.

ಧಾರೆಯ ಹೊತ್ತಿಗೆ ಬ್ಯಾಂಡಿನವರೆಲ್ಲ ಹಾಲ್‌ನ ಹಿಂದುಗಡೆ, ಪಾತ್ರೆ ತೊಳೆಯುವ ಕಟ್ಟೆಯ ಹತ್ತಿರ ಕೂತಿದ್ದರು. ಅಪ್ಪ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕೂತು ಟ್ರಂಪೆಟ್ ಒರೆಸುತ್ತಿದ್ದ. ನಾನು ಅವನ ಪಕ್ಕದಲ್ಲಿದ್ದೆ. ಚಿಕ್ಕಪ್ಪ ಅಡುಗೆಯವರಿಂದ ಒಂದು ಬಟ್ಟಲು ಪಾಯಸ ಕೇಳಿ ತಂದು ಅಪ್ಪನ ಹಿಂದೆ ಬಂದು ನಿಂತ.

"ಅಣ್ಣಾ, ಪಾಯಸ."

ಅಪ್ಪ ಒರೆಸುತ್ತಲೇ ಇದ್ದ. ಪಾತ್ರೆಗಳ ಸದ್ದು ಬೇರೆ.

"ಅಣ್ಣಾ. ನಿನ್ನನ್ನೇ ಕರೆಯುವುದು."

ಡ್ರಮ್ಮಿನವನು ನಕ್ಕ. "ನಿನ್ನ ಕೈಯಿಂದ ತಿನ್ನುವುದಿಲ್ಲ ಅಂತ ಕಾಣ್ತದೆ ವಸಂತ," ಎಂದ. ಉಳಿದವರೂ ಈ ಕಡೆ ತಿರುಗಿದರು. ಚಿಕ್ಕಪ್ಪ ಬಟ್ಟಲು ಹಿಡಿದುಕೊಂಡೇ ಅಪ್ಪನ ಬೆನ್ನಿಗೆ ಹೇಳಿದ.

"ಅಪ್ಪ ಸತ್ತ ಮೇಲೆ ನೀನೇ ಅಪ್ಪ ಅಂತ ತಿಳಿದುಕೊಂಡವನು ನಾನು. ಎಷ್ಟು ಜನರ ಮುಂದೆ ನನ್ನನ್ನು ಹೀಗೆ ಮಾಡ್ತಿ? ಇವತ್ತಿಗೆ ಮುಗಿಯಿತು ಅಣ್ಣಾ. ನಾಳೆ ನಾನು ಬೇರೆ ಕೋಣೆ ನೋಡ್ತೇನೆ. ನಿನ್ನ ಮನೆ ನಿನಗಿರಲಿ."

ಅಪ್ಪ ಟ್ರಂಪೆಟ್ಟಿನ ಬಾಯಿಗೆ ಉಸಿರು ಊದಿ ಬಟ್ಟೆಯಿಂದ ತಿಕ್ಕಿದ. ಅವನು ಸಣ್ಣಗೆ ಏನೋ ಗುನುಗುತ್ತಿದ್ದ. ಬಹಳ ದಿನಗಳ ಮೇಲೆ ಅವನು ಸಂತೋಷವಾಗಿದ್ದ. ನನಗೆ ಏನು ಮಾಡಬೇಕೆಂದು ತೋಚಲಿಲ್ಲ. ಬಾಯಿಬಿಟ್ಟು ಹೇಳಬಾರದು. ಚಿಕ್ಕಪ್ಪ ತಿರುಗಿ ಹೊರಟರೆ ಮನೆಯೇ ಹೋಯಿತು. ಅಪ್ಪನನ್ನು ಒಮ್ಮೆ ಹಿಂದೆ ತಿರುಗಿಸಿದರೆ ಸಾಕು ಎಂದು ನಾನು ಅವನ ಕಿರುಬೆರಳು ಹಿಡಿದು ಒತ್ತಿದೆ.

ಅಪ್ಪ ಬೆಚ್ಚಿಬಿದ್ದ. ಹಿಂದೆ ತಿರುಗಲಿಲ್ಲ, ತೊಡೆಯ ಮೇಲಿದ್ದ ಟ್ರಂಪೆಟ್ಟನ್ನು ನೋಡಿದ.

"ಎಂತ ಮಗಾ? ಪುನಃ ಟಕ್ ಅಂತದಾ? ರಿಂಗ್ ಹೋಯಿತಾ?"

ತನ್ನ ಎಂದಿನ ದೊಡ್ಡ ಸ್ವರದಲ್ಲೇ ಕೇಳಿದ. ಸ್ಲೈಡನ್ನು ಎಳೆದ, ತಳ್ಳಿದ, ನನ್ನ ಮುಖ ನೋಡಿದ. ಮತ್ತೆ ಎಳೆದ, ಮತ್ತೆ ನನ್ನ ಮುಖ ನೋಡಿದ. ಪಾತ್ರೆ ತೊಳೆಯುವವರ ಕೈಯೂ ನಿಂತಿತು. ನಾನು ಅಳತೊಡಗಿದೆ. ಆಗ ಅವನು ಸುತ್ತಲೂ ನೋಡಿ, ಎಲ್ಲರ ಕಣ್ಣು ತನ್ನ ಮೇಲಿರುವುದನ್ನು ಕಂಡು, ಕೊನೆಗೆ ಹಿಂದೆ ತಿರುಗಿದ. ಬಟ್ಟಲು ಹಿಡಿದು ನಿಂತ ತಮ್ಮ ಕಂಡ.

"ನೀನು ಯಾವಾಗ ಬಂದದ್ದು?"

ಚಿಕ್ಕಪ್ಪ ಅವನನ್ನು ನೋಡಿದ, ನನ್ನನ್ನು ನೋಡಿದ, ಇನ್ನೂ ಅಪ್ಪನ ಬೆರಳನ್ನು ಹಿಡಿದಿದ್ದ ನನ್ನ ಕೈಯನ್ನು ನೋಡಿದ. ಮೆಟ್ಟಿಲಿಳಿದು, ಸುತ್ತಿ ಬಂದು, ಅಪ್ಪನ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತ.

"ಈಗ ಬಂದದ್ದು ಅಣ್ಣಾ. ಈಗಷ್ಟೇ. ಪಾಯಸ ತಗೋ."

ಬ್ಯಾಂಡಿನವರು ಒಬ್ಬೊಬ್ಬರಾಗಿ ಮುಖ ಬೇರೆ ಕಡೆ ತಿರುಗಿಸಿದರು. ಡ್ರಮ್ಮಿನವನು ಎದ್ದು ಎಲ್ಲಿಗೋ ಹೋದ. ಮುಖ ಓದಿಯೇ ಬದುಕುತ್ತಿದ್ದವನಿಗೆ ತಿರುಗಿಸಿಕೊಂಡ ಮುಖಗಳೂ ಅರ್ಥವಾಗುತ್ತವೆ. ಅಪ್ಪ ಟ್ರಂಪೆಟ್ಟನ್ನು ಕವರಿಗೆ ಹಾಕಿ ಗಂಟು ಕಟ್ಟಿದ. ಪಾಯಸವನ್ನು ಪೂರ್ತಿ ತಿಂದ. ಯಾರ ಕಡೆಗೂ ನೋಡಲಿಲ್ಲ.

ಆ ದಿನದಿಂದ ನಮ್ಮ ಮನೆ ಬದಲಾಯಿತು. ಚಿಕ್ಕಪ್ಪ ಅಡುಗೆಮನೆಯಲ್ಲಿ ಅಮ್ಮನಿಗೂ ಅಜ್ಜಿಗೂ ಎಲ್ಲ ಹೇಳಿದ. ಪರದೆಯ ಈಚೆಗಿದ್ದ ಅಪ್ಪನಿಗೆ ಅದು ಕೇಳಲಿಲ್ಲ. ನಾವು ಅವನ ವಿಷಯವನ್ನು ಅವನಿರುವ ಮನೆಯಲ್ಲೇ ಆಡಬಹುದು ಎಂಬುದು ಗೊತ್ತಾಗಿ ನನಗೆ ಮೈ ಮುದುಡಿತು. ಟ್ರಂಪೆಟ್ಟಿನ ಬಗ್ಗೆ ಅಜ್ಜಿ ಆಮೇಲೆ ಒಂದು ಮಾತೂ ಆಡಲಿಲ್ಲ. ಅಮ್ಮ ಪರದೆ ಸರಿಸಿ, ಅಪ್ಪನ ಎದುರಿಗೆ ಬಂದು ನಿಂತು, ಊಟಕ್ಕೆ ಏಳಿ ಎಂದು ತುಟಿಯನ್ನು ದೊಡ್ಡದಾಗಿ ಅಲ್ಲಾಡಿಸಿ ಹೇಳತೊಡಗಿದಳು. ವರ್ಷಗಟ್ಟಲೆ ಆ ಮನುಷ್ಯನನ್ನು ಕೊಬ್ಬಿನವನು, ಕಲ್ಲು, ಗೋಡೆ ಎಂದು ಬೈದವರು ನಾವು. ಈಗ ಎಲ್ಲರೂ ತಪ್ಪು ಮಾಡಿದವರಂತೆ ಮೆತ್ತಗಾಗಿದ್ದೆವು. ಜಗಳ ಪೂರ್ತಿ ನಿಂತುಹೋಯಿತು. ಅಪ್ಪ ಸ್ವಲ್ಪ ದಿನ ಸುಮ್ಮನಿದ್ದು, ಒಂದು ಮಧ್ಯಾಹ್ನ ಬಟ್ಟಲನ್ನು ದೂಡಿದ.

"ನನಗೇನು ಕಾಯಿಲೆ ಬಂದಿದೆಯಾ? ಮೊದಲಾದರೆ ಬೈತಿದ್ದಿರಿ, ನಾನೂ ಬೈತಿದ್ದೆ. ಈಗ ಸತ್ತವನಿಗೆ ಎಡೆ ಇಟ್ಟ ಹಾಗೆ ಬಡಿಸ್ತೀರಿ."

ಅಮ್ಮ ಬಟ್ಟಲನ್ನು ಮೆಲ್ಲಗೆ ಮತ್ತೆ ಅವನ ಮುಂದಿಟ್ಟಳು. ಅವನಿಗೆ ಬೇಕಾಗಿದ್ದದ್ದು ಒಂದು ಉತ್ತರ, ಒಂದು ಎದುರು ಮಾತು. ನನ್ನನ್ನು ಅವನು ಬ್ಯಾಂಡಿಗೆ ಕರೆದುಕೊಂಡು ಹೋಗುವುದನ್ನು ನಿಲ್ಲಿಸಿದ. ರಸ್ತೆ ದಾಟುವಾಗಲೂ ಕೈ ಕೊಡುತ್ತಿರಲಿಲ್ಲ, ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದ. ಅವನ ಮಾನ ಹೋದದ್ದು ನನ್ನ ಕೈಯಿಂದ ಎಂದು ನಾನು ಒಳಗೊಳಗೇ ಸಣ್ಣಗಾಗಿದ್ದೆ.

ಮಣಿಪಾಲದ ಆಸ್ಪತ್ರೆಗೆ ಹೋಗಲು ಅವನನ್ನು ಒಪ್ಪಿಸಿದ್ದು ಚಿಕ್ಕಪ್ಪ. ಆದರೆ ಚಿಕ್ಕಪ್ಪ ಜೊತೆಗೆ ಬರುವುದು ಬೇಡ, ಅಮ್ಮನೂ ಬೇಡ. "ಮಗಳು ಬರಲಿ," ಎಂದ ಅಪ್ಪ. ಅಲ್ಲಿ ಗಾಜಿನ ಕಿಟಕಿಯಿದ್ದ ಒಂದು ಸಣ್ಣ ಕೋಣೆಯೊಳಗೆ ಅವನನ್ನು ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದರು. ಸದ್ದು ಕೇಳಿದಾಗ ಕೈ ಎತ್ತಬೇಕು. ಹೊರಗೆ ಯಂತ್ರದ ಮುಂದೆ ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಅವರ ಪಕ್ಕದಲ್ಲಿ ನಾನು. ಅಪ್ಪ ಗಾಜಿನಾಚೆಯಿಂದ ಅವರ ಮುಖವನ್ನೇ ನೋಡುತ್ತ, ಅವರು ಗುಂಡಿ ಒತ್ತಿ ಕಣ್ಣೆತ್ತಿದಾಗಲೆಲ್ಲ ಕೈ ಎತ್ತಿದ. ಸ್ವಲ್ಪ ಹೊತ್ತಿಗೆ ಅವರಿಗೆ ಗೊತ್ತಾಯಿತು. ಅವರು ಕುರ್ಚಿ ತಿರುಗಿಸಿ ಅಪ್ಪನಿಗೆ ಬೆನ್ನು ಕೊಟ್ಟು ಕೂತರು. ಆಮೇಲೆ ಅಪ್ಪನ ಕೈ ಅರ್ಧಕ್ಕೆ ಏಳುವುದು, ಇಳಿಯುವುದು, ಮತ್ತೆ ಏಳುವುದು. ಅವನು ನನ್ನ ಕಡೆ ನೋಡಿದ. ನಾನು ಕಾಲ ಬೆರಳುಗಳನ್ನು ನೋಡಿದೆ.

ಕಂಪ್ರೆಸರಿನ ಸದ್ದಿಗೆ ಕಿವಿ ಹೀಗಾದದ್ದು, ದಪ್ಪ ಸ್ವರ ಕೇಳುತ್ತದೆ, ಚೂಪು ಸದ್ದುಗಳು ಹೋಗಿವೆ ಎಂದು ಅವರು ನನಗೂ ಅರ್ಥವಾಗುವ ಹಾಗೆ ಹೇಳಿದರು. ಕೂದಲೆಳೆಯ ಲೆಕ್ಕ ನನಗೆ ಆಗ ತಿಳಿಯಿತು. ಅಪ್ಪ ಕೆಲವು ತಿಂಗಳ ಮೇಲೆ ಕಿವಿಯ ಯಂತ್ರ ಹಾಕಿಕೊಂಡ, ಬ್ಯಾಂಡಿಗೆ ಹೋಗುವಾಗ ತೆಗೆದಿಟ್ಟು ಹೋಗುತ್ತಿದ್ದ, ಮುಂದೆ ಬಹಳ ವರ್ಷ ಮೊದಲನೆಯ ಟ್ರಂಪೆಟ್ಟನ್ನೇ ಊದಿದ. ಚಿಕ್ಕಪ್ಪ ಮದುವೆಯಾಗುವವರೆಗೂ ಚಾವಡಿಯ ಆ ಬೆಂಚನ್ನು ಬಿಡಲಿಲ್ಲ.

ಆ ದಿನ ಆಸ್ಪತ್ರೆಯ ಕೆಳಗಿನ ಕ್ಯಾಂಟೀನಿನಲ್ಲಿ ಅಪ್ಪ ಎರಡು ಚಹಾ, ಒಂದು ಪ್ಲೇಟ್ ಬಾಳೆಹಣ್ಣಿನ ಬನ್ಸ್ ಹೇಳಿದ. ಮಧ್ಯಾಹ್ನದ ಜನ, ಒಂದು ಮೇಜೂ ಖಾಲಿ ಇರಲಿಲ್ಲ. ಅವನು ಚಹಾದ ಲೋಟವನ್ನು ಎರಡು ಕೈಯಲ್ಲಿ ತಿರುಗಿಸುತ್ತ, ಅವನಿಗೆ ಸಾಧ್ಯವಾದಷ್ಟು ಸಣ್ಣ ಸ್ವರದಲ್ಲಿ ಕೇಳಿದ.

"ಮಗಾ, ನನ್ನಿಂದ ನಿನಗೆ ನಾಚಿಕೆ ಆಯಿತಾ?"

"ಇಲ್ಲ," ಎಂದೆ. ಹೇಳುವಾಗ ಲೋಟವನ್ನು ನೋಡುತ್ತಿದ್ದೆ.

"ಎಂತ?"

"ಇಲ್ಲ ಅಪ್ಪಾ."

ಪಕ್ಕದ ಮೇಜಿನವರು ಕುರ್ಚಿ ಎಳೆದರು. ಅವನು ಮುಂದಕ್ಕೆ ಬಾಗಿದ, ಹುಬ್ಬು ಕೂಡಿಸಿ ನನ್ನ ಬಾಯಿಯನ್ನೇ ನೋಡಿದ. ಅವನಿಗೆ ನಿಜವಾಗಿಯೂ ಕೇಳಿರಲಿಲ್ಲ; ತಲೆ ತಗ್ಗಿಸಿದ್ದರಿಂದ ಕಂಡೂ ಇರಲಿಲ್ಲ. ಮೊದಲ ಸಲ ಹೇಳಿದ್ದು ಸುಳ್ಳು, ನನಗದು ಗೊತ್ತಿತ್ತು. ಎರಡನೆಯ ಸಲ ಹೇಳಿದ್ದು ಅವನ ಸಮಾಧಾನಕ್ಕೆ. ನಾನು ತಲೆ ಎತ್ತಿ, ಅವನ ಕಣ್ಣು ನೋಡಿ, ಇಡೀ ಕ್ಯಾಂಟೀನಿಗೆ ಕೇಳುವ ಹಾಗೆ ಕೂಗಿದೆ.

"ಇಲ್ಲಾ!"

ಎಲ್ಲರೂ ತಿರುಗಿ ನೋಡಿದರು. ಬಿಲ್ಲು ಬರೆಯುತ್ತಿದ್ದವನೂ ನೋಡಿದ. ಅಪ್ಪ ಒಂದು ಕ್ಷಣ ನನ್ನನ್ನು ದಿಟ್ಟಿಸಿ, ಬನ್ಸಿನ ಪ್ಲೇಟನ್ನು ನನ್ನ ಕಡೆಗೆ ಸರಿಸಿದ.

"ಆಯ್ತು, ಅಷ್ಟು ಬೊಬ್ಬೆ ಹಾಕ್ಬೇಡ," ಎಂದ. "ಬಿಸಿ ಇರುವಾಗಲೇ ತಿನ್ನು."